ಅರಿಶಿನದ ಹೆಬ್ಬೆಟ್ಟು

ನನ್ನ ಮೇಜಿನ ಮೇಲೆ ಒಂದು ಹಳೆಯ ಕನ್ನಡ ಕಾದಂಬರಿ ಇದೆ. ಅದರ ರಟ್ಟು ಸಡಿಲವಾಗಿದೆ. ಬೆನ್ನಿಗೆ ಯಾರೋ ಕಂದು ಕಾಗದ ಅಂಟಿಸಿದ್ದಾರೆ. ಕೊನೆಯ ಪುಟಗಳ ಬಲ ಅಂಚಿನಲ್ಲಿ ಎರಡು ಹೆಬ್ಬೆಟ್ಟಿನ ಗುರುತುಗಳಿವೆ. ಎರಡೂ ಅರಿಶಿನದ ಬಣ್ಣದವು. ಒಂದು ಒಂದು ಹಾಳೆಯ ಮೇಲೆ, ಮತ್ತೊಂದು ಅದರ ಮುಂದಿನ ಹಾಳೆಯ ಮೇಲೆ. ಓದುಗರು ದಯವಿಟ್ಟು ಅವು ನನ್ನವೆಂದು ತಿಳಿಯಬಾರದು. ಪುಸ್ತಕ ಮುಟ್ಟುವ ಮುನ್ನ ಕೈ ತೊಳೆಯುವವಳು ನಾನು. ತೊಳೆದ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಆ ಟವೆಲ್ಲು ಸ್ವಚ್ಛವಾಗಿತ್ತೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೊಮ್ಮೆ ತೊಳೆಯುವವಳು. ಹೀಗಿದ್ದೂ ಈ ಎರಡು ಗುರುತುಗಳನ್ನು ನೋಡಿದಾಗಲೆಲ್ಲ, ನನ್ನ ಪದವಿ ಪ್ರಮಾಣಪತ್ರ ಕೈಗೆ ಬಂದ ದಿನಕ್ಕಿಂತ ಹೆಚ್ಚು ಹೆಮ್ಮೆಯಾಗುತ್ತದೆ. ಆ ಪ್ರಮಾಣಪತ್ರವನ್ನು ನಾನು ಎರಡು ಸಲ ಲ್ಯಾಮಿನೇಟ್ ಮಾಡಿಸಿದ್ದೇನೆ ಎಂಬುದನ್ನು ಹೇಳಿದರೆ ನನ್ನ ಮಾತಿನ ತೂಕ ತಮಗೆ ತಿಳಿದೀತು.

ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಮೊದಲಿಗರಾಗುವುದು ದೂರದಿಂದ ನೋಡುವುದಕ್ಕೆ ಚೆಂದ; ಹತ್ತಿರದಿಂದ ಅದು ಬಹಳ ಕಳವಳದ ಕೆಲಸ. ಬ್ಯಾಂಕಿನ ಅರ್ಜಿ, ರೇಷನ್ ಕಾರ್ಡಿನ ತಿದ್ದುಪಡಿ, ಓಣಿಯವರ ಲಗ್ನಪತ್ರಿಕೆ ಎಲ್ಲವೂ ನನ್ನ ಬಳಿಗೇ ಬರುತ್ತವೆ. ಒಮ್ಮೆ ಇಂಥ ಒಂದು ಲಗ್ನಪತ್ರಿಕೆಯಲ್ಲಿ, ಹೆಸರುಗಳ ಸಾಲು ಉದ್ದವಾಗಿದ್ದುದರಿಂದ ಗಾಬರಿಯಾಗಿ, ಮದುಮಗನ ಅಜ್ಜನಿಗೂ ‘ದಿವಂಗತ’ ಎಂದು ಸೇರಿಸಿಬಿಟ್ಟಿದ್ದೆ. ಪತ್ರಿಕೆ ಅಚ್ಚಾದ ಮರುದಿನ ಆ ಅಜ್ಜನೇ ಕೋಲೂರಿಕೊಂಡು ನಮ್ಮ ಬಾಗಿಲಿಗೆ ಬಂದರು. “ತಂಗೀ, ನಾ ಸತ್ತದ್ದು ಇರ್ಲಿ, ಊಟಕ್ಕರ ನನ್ನ ಕರೀತೀರಿಲ್ಲೋ?” ಎಂದು ಕೇಳಿದರು. ಅಂದಿನಿಂದ ನಾನು ಏನು ಬರೆದರೂ ಮೂರು ಸಲ ಓದುತ್ತೇನೆ. ಈ ಪ್ರಬಂಧವನ್ನು ನಾಲ್ಕು ಸಲ ಓದಿದ್ದೇನೆ.

ಅಪ್ಪ ಸಾಂಗಲಿಯ ಅರಿಶಿನ ಪೇಟೆಯಲ್ಲಿ ಹಮಾಲರು. ಅವ್ವ ಅಲ್ಲಿಯೇ ಒಂದು ವಖಾರಿಯಲ್ಲಿ, ಎಂದರೆ ಚೀಲಗಳನ್ನು ಒಟ್ಟುವ ದೊಡ್ಡ ಗೋದಾಮಿನಲ್ಲಿ, ಅರಿಶಿನದ ಕೊಂಬು ಹಸನು ಮಾಡುತ್ತಾಳೆ. ಮನೆ ಮಿರಜದಲ್ಲಿ. ಬೆಳಗ್ಗೆ ಮೈತೊಳೆದುಕೊಂಡು ಬಸ್ಸಿನಲ್ಲಿ ಹೋದ ಇಬ್ಬರೂ ಸಂಜೆ ಹಳದಿಯಾಗಿ ಮರಳುತ್ತಾರೆ. ನಮ್ಮ ಮನೆಯಲ್ಲಿ ನೀರಿನ ತಂಬಿಗೆ, ಬಾಗಿಲ ಚಿಲಕ, ದಿಂಬಿನ ಗವಸು, ಗೋಡೆಯ ಕ್ಯಾಲೆಂಡರಿನ ಮೂಲೆ, ಯಾವುದೂ ತನ್ನ ಮೂಲ ಬಣ್ಣದಲ್ಲಿ ಬಹಳ ದಿನ ಉಳಿಯಲಿಲ್ಲ. ನಾನು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದರೆ ಅಪ್ಪ “ಶಾಬಾಸ್” ಎಂದು ಭುಜ ತಟ್ಟುತ್ತಿದ್ದರು. ಮರುದಿನ ನಾನು ಶಾಲೆಯ ಬಿಳಿಯ ಅಂಗಿಯ ಮೇಲೆ ಐದು ಬೆರಳಿನ ಶಾಬಾಸ್ ಹೊತ್ತು ಹೋಗುತ್ತಿದ್ದೆ. ಗೆಳತಿಯರು ಮರಾಠಿಯಲ್ಲಿ, “ನಿಮ್ಮ ಮನೆಯಲ್ಲಿ ದಿನಾಲೂ ಲಗ್ನವೇನೇ?” ಎಂದು ನಗುತ್ತಿದ್ದರು. ನಾನು ಅತ್ತು ಸಾಬೂನು ಹಚ್ಚಿ ತಿಕ್ಕಿದರೆ ಹಳದಿ ಕೆಂಪಾಗಿ ಇನ್ನೂ ಎದ್ದು ಕಾಣುತ್ತಿತ್ತು. ಆಗ ಅವ್ವ ಬೈಯುತ್ತಿದ್ದಳು: “ಸಾಬೂನ ಯಾಕ ಹಚ್ಚಿದಿ? ಬಿಸಲಿಗಿ ಹಾಕು. ಅರಿಷಿಣಾನ ಬಿಸಲ ತಾನ ತಿಂತೈತಿ.” ನಿಜವಾಗಿಯೂ ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಒಣಗಿಸಿದರೆ ಸಾಕು, ಅಂಗಿ ಬೆಳ್ಳಗಾಗಿ ಇಳಿದು ಬರುತ್ತಿತ್ತು. ಈ ಜ್ಞಾನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂದೆ ಇದರಿಂದಲೇ ನಾನು ಕೆಟ್ಟೆ.

ಅಪ್ಪನಿಗೆ ಓದು ಬರುತ್ತದೆ, ನಿಧಾನವಾಗಿ. ಆದರೆ ನನ್ನ ಪುಸ್ತಕಗಳನ್ನು ಅವರು ಎಂದೂ ಮುಟ್ಟಿದವರಲ್ಲ. ನಾನು ಪುಸ್ತಕವನ್ನು ಅವರ ಮುಂದೆ ನೆಲದ ಮೇಲೆ ಬಿಡಿಸಿ ಇಡಬೇಕು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ಓದುವರು. ಪುಟ ಮುಗಿದ ಮೇಲೆ ಅಂಚಿನ ಹತ್ತಿರ ಬಾಯಿ ತಂದು ‘ಉಫ್’ ಎಂದು ಊದುವರು. ಹಾಳೆ ಎದ್ದು, ಒಂದು ಕ್ಷಣ ಯೋಚಿಸಿ, ಆಚೆ ಮಗುಚಿಕೊಳ್ಳುವುದು. ಕೆಲವೊಮ್ಮೆ ಎರಡು ಹಾಳೆಗಳು ಒಟ್ಟಿಗೆ ಮಗುಚುತ್ತಿದ್ದವು. ಹಾಗಾಗಿ ಅಪ್ಪನಿಗೆ ನನ್ನ ಇತಿಹಾಸದ ಪಾಠ ಅಲ್ಲಲ್ಲಿ ಬಿಟ್ಟುಬಿಟ್ಟು ಗೊತ್ತು. ಪುಸ್ತಕಗಳನ್ನು ಎಲ್ಲರ ತಂದೆಯರೂ ಊದಿಯೇ ತಿರುಗಿಸುತ್ತಾರೆಂದು ನಾನು ಬಹಳ ವರ್ಷ ನಂಬಿದ್ದೆ.

ನಾಲ್ಕನೆಯ ಇಯತ್ತೆಯವರೆಗೆ ನಾನು ಓದಿದ್ದು ಮಿರಜದ ಹತ್ತಿರ, ಮಹಾರಾಷ್ಟ್ರದ ಕಡೆಯ ಗಡಿಹಳ್ಳಿಯಾದ ಆರಗದ ಕನ್ನಡ ಶಾಲೆಯಲ್ಲಿ, ಅಜ್ಜಿಯ ಮನೆಯಲ್ಲಿದ್ದುಕೊಂಡು. ಅನಂತರ ಮಿರಜದ ಮರಾಠಿ ಶಾಲೆ. ಅಲ್ಲಿ ಬಾಯಿ ತೆರೆದರೆ ತಪ್ಪು, ತೆರೆಯದಿದ್ದರೆ ಮೊಂಡಿ ಎಂಬ ಹೆಸರು. ಆ ವರ್ಷದ ಬೇಸಿಗೆಯ ರಜೆಯಲ್ಲಿ ಅವ್ವ ನನ್ನನ್ನು ವಖಾರಿಗೆ ಕರೆದುಕೊಂಡು ಹೋಗುತ್ತಿದ್ದಳು. ಆ ಬೀದಿಯ ತುದಿಯಲ್ಲಿ ಒಂದು ಸಾರ್ವಜನಿಕ ವಾಚನಾಲಯ. ಬಾಗಿಲ ಮೇಲೆ ದೊಡ್ಡ ಫಲಕ: ಕೈ ಸ್ವಚ್ಛವಾಗಿ ತೊಳೆದುಕೊಂಡೇ ಪುಸ್ತಕ ಮುಟ್ಟಬೇಕು, ಕಲೆ ಬಿದ್ದ ಪುಸ್ತಕವನ್ನು ಮರಳಿ ಸ್ವೀಕರಿಸಲಾಗುವುದಿಲ್ಲ. ಅದನ್ನು ಓದಿ ನಾನು ಒಳಗೆ ಹೋಗದೆ, ಹೊಸ್ತಿಲಲ್ಲಿ ನಿಂತು, ಎರಡೂ ಅಂಗೈಗಳನ್ನು ಮುಂದೆ ಚಾಚಿದೆ. ಗ್ರಂಥಪಾಲರಾದ ಸುಧಾತಾಯಿ ಕನ್ನಡಕದ ಮೇಲಿಂದ ನೋಡಿದರು. “ಇದು ವಾಚನಾಲಯ, ಪೊಲೀಸ್ ಠಾಣೆಯಲ್ಲ. ಕೈ ಇಳಿಸಿ ಒಳಗೆ ಬಾ,” ಎಂದು ಮರಾಠಿಯಲ್ಲಿ ಹೇಳಿದರು. ನಾನು ಯಾವ ಶಾಲೆಯಿಂದ ಬಂದವಳೆಂದು ಕೇಳಿ ತಿಳಿದು, ಮೆಟ್ಟಿಲ ಕೆಳಗಿನ ಒಂದು ಕಪಾಟನ್ನು ತೆರೆದು ತೋರಿಸಿದರು. ಅದರ ತುಂಬ ಕನ್ನಡ ಪುಸ್ತಕಗಳು! ಎಷ್ಟೋ ಕಾಲದ ಹಿಂದೆ ಇಲ್ಲಿಯ ಪೇಟೆಯ ಕನ್ನಡ ಮನೆತನಗಳವರು ಕೊಟ್ಟವಂತೆ. ಓದುವವರು ಹೋದರು, ಕಪಾಟು ಉಳಿಯಿತು. ಆ ಬೇಸಿಗೆಯಿಡೀ ನಾನು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಕುಳಿತು ಓದಿದೆ. ನಾನು ತಪ್ಪು ಮಾಡದೆ ಇರಬಹುದಾದ ಸ್ಥಳ ಸಾಂಗಲಿ ಮಿರಜಗಳಲ್ಲಿ ಆಗ ಅದೊಂದೇ ಆಗಿತ್ತು.

ಈಗ ಅದೇ ವಾಚನಾಲಯದ ಅಭ್ಯಾಸಿಕೆಯಲ್ಲಿ, ಎಂದರೆ ಸ್ಪರ್ಧಾ ಪರೀಕ್ಷೆಗೆ ಓದುವವರ ಕೋಣೆಯಲ್ಲಿ, ನನ್ನದೂ ಒಂದು ಮೇಜಿದೆ. ಬೇಸಿಗೆಯಲ್ಲಿ ಮಾತ್ರ ಅರ್ಧ ದಿನ ಸುಧಾತಾಯಿಯವರಿಗೆ ಸಹಾಯ ಮಾಡುತ್ತೇನೆ. ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ಅಲ್ಲಿ ಬೇಸಿಗೆ ವಾಚನ ನಡೆಯುತ್ತದೆ. ಮಕ್ಕಳಿಗೆ ಪುಸ್ತಕ, ಚಿತ್ರಕಲೆ, ಚದುರಂಗ, ಕಥೆ ಹೇಳುವ ಪಂದ್ಯ; ಕೊನೆಯ ದಿನ ಬಹುಮಾನ ಮತ್ತು ಕೋಕಂ ಶರಬತ್ತು. ಕಳೆದ ವರ್ಷದ ಬೇಸಿಗೆ ವಾಚನಕ್ಕೆ ಮುನ್ನ ವಾಚನಾಲಯದ ಕಾರ್ಯವಾಹರು, ಎಂದರೆ ಕಾರ್ಯದರ್ಶಿಗಳು, ಆದ ಅಪ್ಪಾಸಾಹೇಬರು ಬಂದು, ಮೆಟ್ಟಿಲ ಕೆಳಗಿನ ಕಪಾಟಿನತ್ತ ಕೊಡೆಯ ತುದಿಯಿಂದ ತೋರಿಸಿದರು.

ಅಪ್ಪಾಸಾಹೇಬರದು ದೊಡ್ಡ ಬಟ್ಟೆಯ ಅಂಗಡಿ. ಅವರ ತಂದೆ, ಅಜ್ಜ ಅರಿಶಿನದ ವ್ಯಾಪಾರಿಗಳಾಗಿದ್ದರು. ಮೂಲದಲ್ಲಿ ಕನ್ನಡದ ಮನೆತನ. ಇವರು ಮಾತ್ರ ಬಿಳಿಯ ಅಂಗಿ, ಬಿಳಿಯ ಧೋತರ, ಶುದ್ಧ ಮರಾಠಿ. ಕನ್ನಡದ ಮಾತು ಬಂದರೆ, “ತಿಳಿಯುತ್ತದೆ, ಆದರೆ ಮಾತಾಡಲು ಬರುವುದಿಲ್ಲ,” ಎಂದು ಮರಾಠಿಯಲ್ಲಿ ಹೇಳಿ ಮುಗಿಸಿಬಿಡುತ್ತಿದ್ದರು.

“ಈ ಕಪಾಟಿನಿಂದ ಒಂದು ಪುಸ್ತಕ ಹೊರಗೆ ಹೋಗಿ ಎಷ್ಟು ವರ್ಷವಾಯಿತು?” ಎಂದರು.

ಸುಧಾತಾಯಿ ನನ್ನತ್ತ ನೋಡಿದರು. ಕಡೆಯದಾಗಿ ಒಯ್ದವಳು ನಾನೇ.

“ಇದನ್ನು ರದ್ದಿಗೆ ಹಾಕಿದರೆ ಅಭ್ಯಾಸಿಕೆಗೆ ಇನ್ನೆರಡು ಮೇಜು ಹಿಡಿಯುತ್ತವೆ. ಈ ಹುಡುಗಿಯಂಥವರಿಗೇ ಅನುಕೂಲ.” ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಏನಾದರೂ ಹೇಳಬೇಕೆಂದು ಎದ್ದು ನಿಂತೆ. ಸರಿಯಾದ ಮರಾಠಿ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ ಅವರು ಕೊಡೆ ಬಿಡಿಸಿ ಬೀದಿಗೆ ಇಳಿದಾಗಿತ್ತು. ಸುಧಾತಾಯಿಯವರೇ ಬೆನ್ನಟ್ಟಿ ಹೋಗಿ ಒಂದು ಮಾತು ತೆಗೆದುಕೊಂಡು ಬಂದರು: ಬೇಸಿಗೆ ವಾಚನ ಮುಗಿಯುವುದರೊಳಗೆ ಆ ಪುಸ್ತಕಗಳನ್ನು ಓದುವವರಿದ್ದಾರೆಂದು ತೋರಿಸಬೇಕು. ತೋರಿಸಿದರೆ ಕಪಾಟು ಉಳಿಯುತ್ತದೆ.

ನಾನು ಮೊದಲು ಮಾಡಿದ ಕೆಲಸ, ನನ್ನಂಥವರು ಮಾಡುವ ಕೆಲಸವೇ. ಒಂದು ಪ್ರಕಟಣೆ ಬರೆದೆ. “ಸಮಸ್ತ ಕನ್ನಡ ಬಾಂಧವರಲ್ಲಿ ಸವಿನಯ ನಿವೇದನೆ” ಎಂದು ಆರಂಭವಾಗಿ, “ಕೃಪೆಗೆ ಪಾತ್ರರಾಗಬೇಕಾಗಿ ಪ್ರಾರ್ಥನೆ” ಎಂದು ಮುಗಿಯುತ್ತಿತ್ತು. ಅದನ್ನು ಪೇಟೆಯ ಹತ್ತು ಗೋಡೆಗಳಿಗೆ ಅಂಟಿಸಿದೆ. ಒಂದು ವಾರವಾದರೂ ಯಾರೂ ಬರಲಿಲ್ಲ. ಒಂದು ಆಡು ಬಂದು ಎರಡು ಪ್ರತಿಗಳನ್ನು ತಿಂದುಹೋದುದನ್ನು ಮಾತ್ರ ಕಣ್ಣಾರೆ ಕಂಡೆ. ಮಕ್ಕಳ ಕಡೆ ತಿರುಗಿದೆ. ಕನ್ನಡದ ಮನೆಗಳಿಂದ ಬರುವ ಮಕ್ಕಳು ಕೆಲವರಿದ್ದರು. ನಾನು ಕನ್ನಡದಲ್ಲಿ ಕಥೆ ಹೇಳಿದರೆ ನಗಬೇಕಾದಲ್ಲಿ ಸರಿಯಾಗಿ ನಗುತ್ತಿದ್ದರು. ಪುಸ್ತಕ ಕೈಗಿಟ್ಟರೆ, ಅಕ್ಷರಗಳನ್ನು ಜಿಲೇಬಿಯನ್ನು ನೋಡಿದಂತೆ ನೋಡಿ ಮರಾಠಿಯಲ್ಲಿ, “ಅಕ್ಕಾ, ಇದರ ಚಿತ್ರ ಎಲ್ಲಿ?” ಎನ್ನುತ್ತಿದ್ದರು.

ಅವ್ವ ಇದನ್ನೆಲ್ಲ ಬಸ್ಸಿನಲ್ಲಿ ಕೇಳಿಸಿಕೊಂಡಳು. ಸಾಂಗಲಿಯಿಂದ ಮಿರಜಕ್ಕೆ ಬರುವ ಸಂಜೆಯ ಬಸ್ಸಿನಲ್ಲಿ ಅವ್ವನ ಪಕ್ಕ ಯಾರೂ ಒತ್ತಿ ಕೂರುವುದಿಲ್ಲ, ಬಟ್ಟೆ ಹಳದಿಯಾಗುತ್ತದೆಂದು. ಆದ್ದರಿಂದ ನಮಗಿಬ್ಬರಿಗೆ ಯಾವಾಗಲೂ ಹರಟೆಗೆ ಅನುಕೂಲ.

“ಯಾರ ಓದಬೇಕ ಅದನ್ನ?” ಎಂದಳು ಅವ್ವ. “ಕನ್ನಡ ಬರೋರಿಗಿ ಅಕ್ಷರ ಬರೂದಿಲ್ಲ. ಅಕ್ಷರ ಬರೋರಿಗಿ ಕನ್ನಡ ಬರೂದಿಲ್ಲ. ನಿನಗ ಎರಡೂ ಬರ್ತಾವಲ್ಲ, ನೀ ಓದಿ ಹೇಳು.”

“ಯಾರಿಗವ್ವಾ?”

“ನಮಗ. ಒಂದರಿಂದ ಎರಡೂವರಿತನಕ ಬಿಸಲಂತ ಕೆಲಸಕ್ಕ ಸೂಟಿ ಐತಿ. ಸುಮ್ಮ ಗೋಡಿ ನೋಡಕೋತ ಬಿದ್ದಿರ್ತೇವಿ.”

ಹೀಗೆ ಮರುದಿನ ಮಧ್ಯಾಹ್ನ, ತೊಳೆದ ಕೈ, ಇಸ್ತ್ರಿಯ ಸೀರೆ ಮತ್ತು ಎರಡು ಪುಟದ ಟಿಪ್ಪಣಿಯೊಂದಿಗೆ ನಾನು ವಖಾರಿಗೆ ಹೋದೆ. ಹತ್ತು ಹನ್ನೆರಡು ಹೆಂಗಸರು ಬುತ್ತಿ ಮುಗಿಸಿ ಚೀಲಗಳಿಗೆ ಒರಗಿದ್ದರು. ಹೆಚ್ಚಿನವರು ಆರಗ, ಸಲಗರೆಗಳಿಂದ ದಿನಾಲೂ ಬಸ್ಸಿಗೆ ಬರುವವರು. ನಾನು ಮೊದಲಿಗೆ ‘ವಾಚನದ ಮಹತ್ವ’ ಎಂಬ ವಿಷಯವಾಗಿ ಮಾತನಾಡಲು ತೊಡಗಿದೆ. ಮೂರನೆಯ ವಾಕ್ಯಕ್ಕೆ ಇಬ್ಬರು ನಿದ್ದೆ ಹೋದರು. ಅವ್ವನ ಜೊತೆಗಾರ್ತಿ, ನನಗೆ ಚಿಕ್ಕಮ್ಮನಂತಿರುವ ಆರಗದ ಕಲ್ಲವ್ವ ಮಾವಶಿ, ಬಾಯಿಯೊಳಗಿನ ಎಲೆ ಅಡಿಕೆಯನ್ನು ಒಂದು ಕಡೆಗೆ ಸರಿಸಿ ಕೇಳಿದಳು:

“ಬಾಯಾರ, ಇದು ಪುಸ್ತಕದಾಗ ಐತೋ, ನಿಮ್ಮ ಮನಸಿಂದೋ?”

“ಇದು ಪೀಠಿಕೆ, ಮಾವಶಿ.”

“ಪೀಠಿಕಿ ನಮ್ಮವ್ವನ ಮುಂದ ಹೇಳ್ರಿ, ಆಕೀ ಕಿವಿ ಕೇಳೂದಿಲ್ಲ. ನಮಗ ಕತಿ ಓದ್ರಿ.”

ನನ್ನನ್ನು ಎತ್ತಿ ಆಡಿಸಿದವಳು ‘ಬಾಯಾರ’ ಎಂದು ಶಾಲೆಯ ಮಾಸ್ತರಿಣಿಯನ್ನು ಕರೆದಂತೆ ಕರೆದದ್ದು ಗೌರವಕ್ಕಲ್ಲವೆಂದು ತಿಳಿಯುವಷ್ಟು ಬುದ್ಧಿ ನನಗಿತ್ತು. ಟಿಪ್ಪಣಿಯನ್ನು ಮಡಚಿಟ್ಟು ಕಾದಂಬರಿ ತೆರೆದೆ. ಅದು ಒಂದು ಎಮ್ಮೆಯ ಕಥೆ. ಮೊದಲ ಅಧ್ಯಾಯದಲ್ಲಿಯೇ ಒಬ್ಬ ವಿಧವೆಯ ಗಬ್ಬದ ಎಮ್ಮೆ ಮೇಯಲು ಹೋದದ್ದು ಮರಳುವುದಿಲ್ಲ. ಅದನ್ನು ಹುಡುಕುತ್ತ ಇಡೀ ಊರಿನ ಗುಟ್ಟುಗಳೆಲ್ಲ ಹೊರಬೀಳುತ್ತವೆ. ನಾನು ಆಕಾಶವಾಣಿಯವರಂತೆ ಸ್ಪಷ್ಟವಾಗಿ, ಅಲ್ಪವಿರಾಮಕ್ಕೆ ಅಲ್ಪವಾಗಿಯೂ ಪೂರ್ಣವಿರಾಮಕ್ಕೆ ಪೂರ್ಣವಾಗಿಯೂ ನಿಂತು ಓದುತ್ತಿದ್ದೆ. ಎಮ್ಮೆ ಕಾಣೆಯಾದ ಕೂಡಲೇ ಮಲಗಿದ್ದ ಇಬ್ಬರೂ ಎದ್ದು ಕುಳಿತರು.

“ಬಾಜೂ ಮನಿಯಾಂವ ಕಟಗೊಂಡ ಹೋಗ್ಯಾನ,” ಎಂದಳು ಒಬ್ಬಳು.

“ಏ, ಸುಮ್ಮಿರ. ಓದ್ಲಿ.”

“ಮಧ್ಯಾನದಾಗ ಗುಡ್ಡಾ ಏರಿತಂತ ಬರದಾನಲ್ಲ,” ಎಂದಳು ಕಲ್ಲವ್ವ ಮಾವಶಿ, “ಗಬ್ಬದ ಎಮ್ಮಿ, ಅದೂ ಬ್ಯಾಸಗ್ಯಾಗ, ಗುಡ್ಡಾ ಯಾಕ ಏರತೈತಿ? ನೀರ ಹುಡಕತೈತಿ. ಈ ಬರದಾಂವ ಎಮ್ಮಿ ಸಾಕಿಲ್ಲ ನೋಡ್ರಿ.”

ಅಚ್ಚಾದ ಪುಸ್ತಕದಲ್ಲಿ ತಪ್ಪಿರಬಹುದೆಂದು ನಾನು ಅಲ್ಲಿಯವರೆಗೆ ಕನಸಿನಲ್ಲಿಯೂ ಯೋಚಿಸಿದ್ದವಳಲ್ಲ. ತಪ್ಪುಗಳೆಲ್ಲ ನನ್ನಂಥವರಿಗೆ ಮೀಸಲೆಂದು ತಿಳಿದಿದ್ದೆ. ಆ ದಿನ ಓದುವುದನ್ನು ನಿಲ್ಲಿಸಿ ನಾನೂ ಸ್ವಲ್ಪ ಹೊತ್ತು ನಕ್ಕೆ.

ಒಂದು ವಾರ ಕಳೆಯುವುದರೊಳಗೆ ವಖಾರಿಯ ಅಷ್ಟೂ ಹೆಂಗಸರು ವಾಚನಾಲಯದ ಸದಸ್ಯರಾದರು. ಸುಧಾತಾಯಿ ಫಾರ್ಮುಗಳನ್ನು ಅಲ್ಲಿಗೇ ತಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಶಾಯಿಯ ಪ್ಯಾಡು ಎರಡು ದಿನಕ್ಕೆ ನೀಲಿ ಹೋಗಿ ಹಸಿರಾಯಿತು. ಸದಸ್ಯರಾದ ಮೇಲೆ ಮನೆಗೂ ಪುಸ್ತಕ ಒಯ್ಯತೊಡಗಿದರು. ಓದು ಬಾರದವರು ಒಯ್ದು ಏನು ಮಾಡುತ್ತಾರೆಂದು ನಾನು ಅನುಮಾನದಿಂದ ಕೇಳಿದೆ.

“ನಮ್ಮ ಸೊಸಿ ಅಥಣಿ ಕಡೀದಾಕಿ,” ಎಂದಳು ಕಲ್ಲವ್ವ ಮಾವಶಿ. “ಕನ್ನಡ ಸಾಳಿ ಹತ್ತನೇ ತನಕ ಕಲತಾಳ. ಲಗ್ನ ಆಗಿ ಬಂದಾಗಿಂದ ಮೂಕಿ ಹಂಗ ಇದ್ಲು. ಈಗ ಸಂಜಿಕ ಪುಸ್ತಕ ಹಿಡದ್ಲು ಅಂದ್ರ ಆಕೀ ಮಾವ ಸುದ್ದಾ ಟೀವಿ ಬಂದ ಮಾಡಿ ಬಂದು ಕುಂದರ್ತಾನ. ನಿನ್ನಿ ಭಾಂಡಿ ತಿಕ್ಕಿದ್ದು ಯಾರ ಗೊತ್ತೇನು? ನಮ್ಮ ಮಗ. ಆಕೀ ಕೈ ಹೊಲಸ ಆದ್ರ ಪುಸ್ತಕ ಯಾರ ಹಿಡೀಬೇಕ ಅಂದ.”

ಇಂಥ ಸೊಸೆಯಂದಿರು ಗಡಿಯ ಆಚೆಯಿಂದ ಬಂದು ಆರಗದಲ್ಲಿ, ಸಲಗರೆಯಲ್ಲಿ ಎಷ್ಟೋ ಮನೆಗಳಲ್ಲಿದ್ದರು. ಅವರಿಗೆ ಅಕ್ಷರವೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಓದಲು ಏನೂ ಇರಲಿಲ್ಲ, ಅಷ್ಟೆ. ಅವ್ವನ ಲೆಕ್ಕದಲ್ಲಿ ಅವರು ಬಿಟ್ಟುಹೋಗಿದ್ದರು, ನನ್ನ ಲೆಕ್ಕದಲ್ಲಿಯೂ. ಮೇ ನಡುವಿನ ಹೊತ್ತಿಗೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಪುಸ್ತಕಗಳ ನಡುವೆ ಸಂದುಗಳು ಕಾಣಿಸಿಕೊಂಡವು. ಆ ಖಾಲಿ ಸಂದುಗಳನ್ನು ನಾನು ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತಿದ್ದೆ.

ಆದರೆ ಪುಸ್ತಕಗಳು ಮರಳಿದಾಗ ನಾನು ಒಂದೊಂದನ್ನೇ ತೆರೆದು ನೋಡಿದೆ. ವಖಾರಿಯಿಂದ ನೇರವಾಗಿ ಚೀಲಕ್ಕೆ, ಚೀಲದಿಂದ ಬಸ್ಸಿಗೆ, ಬಸ್ಸಿನಿಂದ ಮನೆಗೆ ಹೋಗಿ ಬಂದ ಪುಸ್ತಕಗಳವು. ರಟ್ಟಿನ ಮೇಲೆ, ಪುಟದ ಅಂಚಿಗೆ, ಕಥೆ ರಂಗೇರಿದ ಕಡೆಗಳಲ್ಲಂತೂ ಸಾಲುಸಾಲಾಗಿ, ಹಳದಿ ಹೆಬ್ಬೆಟ್ಟುಗಳು. ಬಾಗಿಲ ಮೇಲಿನ ಫಲಕ ನನ್ನ ಕಣ್ಣ ಮುಂದೆ ಕುಣಿಯಿತು. ಅಪ್ಪಾಸಾಹೇಬರು ಬಂದು ಇವನ್ನು ನೋಡಿದರೆ, ಓದಿದರೋ ಬಿಟ್ಟರೋ, ಕಲೆ ಬಿದ್ದ ಪುಸ್ತಕ ರದ್ದಿಗೇ ಹೋಗುತ್ತದೆ. ವಾಚನದ ಮುಕ್ತಾಯಕ್ಕೆ ನಾಲ್ಕೇ ದಿನ ಉಳಿದಿದ್ದವು.

ನಾನು ಕನ್ನಡ ಪುಸ್ತಕಗಳನ್ನೆಲ್ಲ ವಾಚನಾಲಯದ ಮಾಳಿಗೆಗೆ ಹೊತ್ತೊಯ್ದೆ.

ಮೇ ತಿಂಗಳ ಸಾಂಗಲಿಯ ಬಿಸಿಲನ್ನು ಬಲ್ಲವರಿಗೆ ವರ್ಣನೆ ಬೇಕಿಲ್ಲ. ಹಳೆಯ ಸೀರೆ ಹಾಸಿ, ಪುಸ್ತಕಗಳನ್ನು ಬಿಡಿಸಿ ಇಟ್ಟು, ಹಾಳೆಗಳ ಮೇಲೆ ಬೆಣಚುಕಲ್ಲು ಹೇರಿ, ಅಷ್ಟಷ್ಟು ಹೊತ್ತಿಗೊಮ್ಮೆ ಪುಟ ಮಗುಚುತ್ತ ಮೂರು ದಿನ ಕಾದೆ. ಸುತ್ತಲಿನ ಮಾಳಿಗೆಗಳ ಮೇಲೆ ಹೆಂಗಸರು ಶಾವಿಗೆ, ಹಪ್ಪಳ ಒಣಹಾಕಿದ್ದರು. ಒಬ್ಬಾಕೆ ಅಲ್ಲಿಂದಲೇ ಕೂಗಿ ನನ್ನ ಹಪ್ಪಳ ಯಾವ ಹಿಟ್ಟಿನವೆಂದು ಕೇಳಿದಳು. ಸುಧಾತಾಯಿ ಒಮ್ಮೆ ಹತ್ತಿ ಬಂದು ನೋಡಿ, “ಸ್ವಲ್ಪ ಉಪ್ಪು ಕಡಿಮೆ,” ಎಂದು ಹೇಳಿ ಇಳಿದುಹೋದರು. ಅವರು ತಡೆಯಲಿಲ್ಲ, ನನ್ನ ಕಳವಳದ ಎದುರು ಮಾತು ನಡೆಯುವುದಿಲ್ಲವೆಂದು ಅವರು ಬಲ್ಲರು. ಅವ್ವನ ಜ್ಞಾನ ಸುಳ್ಳಾಗಲಿಲ್ಲ. ಮೂರನೆಯ ದಿನ ಸಂಜೆಗೆ ಬಿಸಿಲು ಅಷ್ಟೂ ಅರಿಶಿನವನ್ನು ತಿಂದು ಮುಗಿಸಿತ್ತು. ಪುಸ್ತಕಗಳನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಎಮ್ಮೆಯ ಕಾದಂಬರಿಯೊಂದು ಮಾತ್ರ ಮಾಳಿಗೆ ಹತ್ತಿರಲಿಲ್ಲ. ಅದನ್ನು ನಾನೊಬ್ಬಳೇ ತೊಳೆದ ಕೈಯಿಂದ ಹಿಡಿದು ಓದುತ್ತಿದ್ದೆ. ಬೇರೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಮುಕ್ತಾಯದ ದಿನ ವಾಚನಾಲಯದ ತುಂಬ ಮಕ್ಕಳು, ಪಾಲಕರು. ಬಹುಮಾನಗಳಾದವು, ಶರಬತ್ತಾಯಿತು. ಅಪ್ಪಾಸಾಹೇಬರು ಎಲ್ಲರೆದುರೇ ಕನ್ನಡದ ಕಪಾಟು ತೆರೆಸಿದರು. ಒಂದು ಪುಸ್ತಕ ತೆಗೆದು ತಿರುವಿದರು. ಇನ್ನೊಂದು, ಮತ್ತೊಂದು. ಅವರ ಹುಬ್ಬು ಗಂಟಿಕ್ಕಿತು.

“ಇವು ಅರಿಶಿನದ ವಖಾರಿಗೆ ಹೋಗಿ ಬಂದವೇ?” ಎಂದು ಮರಾಠಿಯಲ್ಲಿ ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

“ಹುಡುಗೀ, ನಾನು ಹುಟ್ಟಿದ್ದೇ ಅರಿಶಿನದ ಚೀಲಗಳ ನಡುವೆ. ಅಲ್ಲಿಗೆ ಹೋದದ್ದು ಯಾವುದೂ ಬಿಳಿಯಾಗಿ ಮರಳುವುದಿಲ್ಲ. ನಮ್ಮ ಮನೆಯ ದೇವರ ಪಟವೂ ಹಳದಿಯಾಗಿತ್ತು. ಇವುಗಳ ಮೇಲೆ ಒಂದು ಬೆರಳಿನ ಗುರುತಿಲ್ಲ. ಚೀಟಿಗೆ ಶಿಕ್ಕಾ ಹೊಡೆದು, ಹೆಬ್ಬೆಟ್ಟು ಒತ್ತಿಸಿ, ಪುಸ್ತಕವನ್ನು ಕಪಾಟಿನಲ್ಲಿಯೇ ಇಟ್ಟಿದ್ದೀರಿ.”

“ಶಿಕ್ಕಾ ಹೊಡೆದು ಕೊಟ್ಟವಳು ನಾನು,” ಎಂದರು ಸುಧಾತಾಯಿ. “ಪ್ರತಿಯೊಂದೂ ಬಾಗಿಲು ದಾಟಿ ಹೋಗಿದೆ.”

“ನಿಮಗೆ ಈ ಹುಡುಗಿಯ ಮೇಲೆ ಮಮತೆ, ಸುಧಾತಾಯಿ. ನನಗೆ ಗೊತ್ತು.”

ನಾನು ಬಾಯಿ ತೆರೆದೆ. “ಮಾನ್ಯರೇ, ತಾವು ಗಮನಿಸಿದ ಈ ಸ್ವಚ್ಛತೆಯು ವಾಸ್ತವವಾಗಿ, ಬಿಸಿಲಿನ ಪರಿಣಾಮವಾಗಿ, ನಾನು ಫಲಕದಲ್ಲಿನ ನಿಯಮವನ್ನು ಅನುಸರಿಸುವ ಸದುದ್ದೇಶದಿಂದ...” ಎಂದು ಮರಾಠಿಯಲ್ಲಿ ತೊಡಗಿದ ವಾಕ್ಯ ಎಷ್ಟು ಚೆನ್ನಾಗಿ ಕಟ್ಟಲ್ಪಟ್ಟಿತ್ತೆಂದರೆ ಅದರ ಕ್ರಿಯಾಪದ ಬರಲೇ ಇಲ್ಲ. ಇಡೀ ಸಾಂಗಲಿಯಲ್ಲಿ ಆ ಕಪಾಟಿನ ಪರವಾಗಿದ್ದ ಒಂದೇ ಸಾಕ್ಷಿಯನ್ನು ಮೂರು ದಿನ ಕಷ್ಟಪಟ್ಟು ಅಳಿಸಿದವಳು ನಾನೇ ಎಂದು ಆಗ ಹೊಳೆಯಿತು.

ಆಗ ಬಾಗಿಲ ಕಡೆಯಿಂದ ಅವ್ವನ ದನಿ ಕೇಳಿಸಿತು. “ಶೈಲಾ, ಯಾಕ ಸುಮ್ಮ ನಿಂತಿ?”

ನೋಡಿದರೆ ವಖಾರಿಯ ಹೆಂಗಸರೆಲ್ಲ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಸಮಾರಂಭಕ್ಕೆಂದು ಕೆಲಸ ಬಿಟ್ಟು ಬಂದವರು, ಬಾಗಿಲ ಮೇಲಿನ ಫಲಕದಲ್ಲಿ ಏನಿದೆಯೆಂದು ಯಾರನ್ನೋ ಕೇಳಿ ತಿಳಿದು, ಒಳಗೆ ಕಾಲಿಡದೆ ಉಳಿದಿದ್ದರು. ಸುಧಾತಾಯಿ ತಾವೇ ಹೋಗಿ, “ಬನ್ನಿ, ಬನ್ನಿ, ಎಲ್ಲರೂ ಒಳಗೆ,” ಎಂದು ಕರೆತಂದರು. ಕಲ್ಲವ್ವ ಮಾವಶಿ ಹಳದಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎಲ್ಲರ ಮುಂದೆ ನಿಂತಳು.

“ನೀವು ಏನು ಓದಿಸಿ ಕೇಳಿದಿರಿ, ಹೇಳಿ ನೋಡೋಣ,” ಎಂದರು ಅಪ್ಪಾಸಾಹೇಬರು ಮರಾಠಿಯಲ್ಲಿ.

“ಎಮ್ಮಿ ಕತಿರಿ, ಸಾವಕಾರ,” ಎಂದಳು ಮಾವಶಿ ಕನ್ನಡದಲ್ಲಿ. “ಬರದಾಂವ ಶಾಣ್ಯಾ ಅದಾನ ಖರೆ, ಎಮ್ಮಿ ಸಾಕಿಲ್ಲ. ಗುಡ್ಡದ ಮ್ಯಾಲ ಹುಡಕಸ್ತಾನ. ಊರ ಮಂದಿ ಎಲ್ಲಾ ಗುಡ್ಡಾ ಏರಿ ಇಳದ್ರು. ನಾ ಹೇಳ್ತೇನಿ, ಹೊಳೀ ತಿರುವಿನಾಗ ನೀರಾಗ ನಿಂತೈತಿ ಅದು.”

“ಏ, ಹೋಗ,” ಎಂದು ಹಿಂದಿನಿಂದ ಇನ್ನೊಬ್ಬಳು ಎದ್ದಳು. “ಬಾಜೂ ಮನಿ ಮಲ್ಲಪ್ಪನ ಹಿತ್ತಲದಾಗ ಐತಿ. ಅವನ ಹೇಣ್ತಿ ಮನ್ನಿ ಒಂದೂವರಿ ಸೇರ ಹಾಲ ಎಲ್ಲಿಂದ ತಂದ್ಲು?”

“ಗಬ್ಬದ ಎಮ್ಮಿ ಹಾಲ ಕೊಡತೈತೇನ ಹುಚ್ಚೀ?”

“ಈದಿರಬೇಕ!”

“ಈದ್ರ ಕರಾ ಒದರೂದಿಲ್ಲೇನ? ಊರಾಗ ಯಾರಿಗೂ ಕೇಳೂದಿಲ್ಲೇನ?”

ಹೀಗೆ ಸಾಂಗಲಿಯ ಸಾರ್ವಜನಿಕ ವಾಚನಾಲಯದಲ್ಲಿ, ಬಹುಮಾನದ ಮೇಜಿನ ಎದುರು, ಹನ್ನೆರಡು ಹೆಂಗಸರು ಒಂದು ಎಮ್ಮೆಗಾಗಿ ಜಗಳಕ್ಕೆ ನಿಂತರು. ಕೈಗಳು ಸೆರಗಿನಿಂದ ಹೊರಬಂದು ಗಾಳಿಯಲ್ಲಿ ಹಾರಾಡಿದವು. ಮಲ್ಲಪ್ಪನ ಹೆಂಡತಿಯ ಸ್ವಭಾವ, ವಿಧವೆಯ ಮೈದುನನ ಆಸೆಬುರುಕತನ, ಗೌಡನ ಸುಳ್ಳು, ಎಲ್ಲವನ್ನೂ ತಮ್ಮ ಓಣಿಯವರ ವಿಷಯವೆಂಬಂತೆ ಬಿಚ್ಚಿ ಹರಡಿದರು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಯಾರೂ ಚಿತ್ರ ಎಲ್ಲಿ ಎಂದು ಕೇಳಲಿಲ್ಲ.

ಅಪ್ಪಾಸಾಹೇಬರು ಮೊದಲು ಕೊಡೆಯ ಮೇಲೆ ಭಾರ ಹಾಕಿ ನಿಂತಿದ್ದರು. ಅನಂತರ ಕುರ್ಚಿಯಲ್ಲಿ ಕುಳಿತು ಒರಗಿದರು. ಅನಂತರ ಕುರ್ಚಿಯ ಅಂಚಿಗೆ ಜರುಗಿದರು. ಜಗಳ ಒಂದು ಕ್ಷಣ ಉಸಿರು ತೆಗೆದುಕೊಂಡಾಗ ಅವರ ಬಾಯಿಂದ ಒಂದು ಮಾತು ಹೊರಬಿತ್ತು:

“ಹಂಗಾರ ಎಮ್ಮಿ ಸಿಕ್ಕಿತೋ ಇಲ್ಲೋ, ಅದನ್ನರ ಹೇಳ್ರವಾ!”

ಅಚ್ಚ ಕನ್ನಡ. ಅವರ ಅಜ್ಜಿ ಆಡುತ್ತಿದ್ದಿರಬಹುದಾದಂಥ ಕನ್ನಡ. ಹೇಳಿದ ಮೇಲೆ ಅವರೇ ಬೆಚ್ಚಿ, ಬೇರೆ ಯಾರಾದರೂ ಮಾತಾಡಿದರೇ ಎಂಬಂತೆ ಹಿಂದೆ ತಿರುಗಿ ನೋಡಿದರು. ಸುಧಾತಾಯಿ ನಕ್ಕುಬಿಟ್ಟರು. ಆಮೇಲೆ ಎಲ್ಲರೂ ನಕ್ಕರು. ಕೊನೆಗೆ ಅಪ್ಪಾಸಾಹೇಬರೂ, ಹೊಟ್ಟೆ ಕುಲುಕುವಂತೆ.

“ಇನ್ನಾ ಎರಡ ಅಧ್ಯಾಯ ಉಳದಾವ್ರಿ,” ಎಂದಳು ಕಲ್ಲವ್ವ ಮಾವಶಿ, ದೊಡ್ಡ ಮನಸ್ಸಿನಿಂದ. “ನಾಳಿ ಒಂದಕ್ಕ ವಖಾರಿಗಿ ಬರ್ರಿ. ಬುತ್ತಿ ನಮ್ಮ ಕಡೆ ಐತಿ.”

ಕಪಾಟು ರದ್ದಿಗೆ ಹೋಗಲಿಲ್ಲ. ಅದೇ ಸಂಜೆ ಅದನ್ನು ಮೆಟ್ಟಿಲ ಕೆಳಗಿನಿಂದ ಎಳೆಸಿ, ಬಾಗಿಲ ಪಕ್ಕ, ಬೆಳಕು ಬೀಳುವ ಕಡೆ ನಿಲ್ಲಿಸಿದರು. ಹಾಗೆ ನಿಲ್ಲಿಸುವಾಗ ಬಾಗಿಲ ಮೇಲಿನ ಫಲಕ ಅಡ್ಡ ಬಂತು. ಸುಧಾತಾಯಿ ಅದನ್ನು ಇಳಿಸಿ ಗೋಡೆಗೆ ತಿರುಗಿಸಿ ಇಟ್ಟರು. ಅದು ಇನ್ನೂ ಹಾಗೆಯೇ ಇದೆ.

ಮರುದಿನ ಅಪ್ಪಾಸಾಹೇಬರು ನಿಜವಾಗಿಯೂ ಬಂದರು, ಹಾಲಿನಂಥ ಧೋತರದಲ್ಲಿ. ಕುರ್ಚಿ ತರಿಸಿದರೆ ಬೇಡವೆಂದು ಅರಿಶಿನದ ಚೀಲದ ಮೇಲೆಯೇ ಕುಳಿತರು. ನಾನು ಅಲ್ಪವಿರಾಮಗಳನ್ನೆಲ್ಲ ನುಂಗಿ ಓದಿದೆ. ಕೊನೆಯ ಅಧ್ಯಾಯದಲ್ಲಿ ವಿಧವೆ ನದಿಗೆ ಇಳಿದಳು ಎಂಬಲ್ಲಿ ಅವರಿಗೆ ತಡೆಯಲಾಗಲಿಲ್ಲ. “ಇನ್ನ ಎಷ್ಟ ಹಾಳಿ ಅದಾವ, ತಾ ನೋಡೋಣ,” ಎಂದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, ಬಾರದ ಅಕ್ಷರಗಳಲ್ಲಿ ಎಮ್ಮೆಯನ್ನು ಹುಡುಕಿದರು. ಚೀಲದ ಮೇಲೆ ಊರಿ ಹಳದಿಯಾಗಿದ್ದ ಅವರ ಹೆಬ್ಬೆರಳು ಆ ಹಾಳೆಯ ಅಂಚಿನಲ್ಲಿ ಗಟ್ಟಿಯಾಗಿ ಊರಿತ್ತು. ಎಮ್ಮೆ ಹೊಳೆಯ ತಿರುವಿನಲ್ಲಿ, ಕುತ್ತಿಗೆಯವರೆಗಿನ ನೀರಿನಲ್ಲಿಯೇ ಇತ್ತು. ಕಲ್ಲವ್ವ ಮಾವಶಿ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಕುಳಿತಳು.

ಆ ಪುಸ್ತಕವನ್ನು ಅಂದು ನನ್ನ ಹೆಸರಿನಲ್ಲಿ ಮನೆಗೆ ತಂದೆ. ಈ ಬೇಸಿಗೆಯಲ್ಲಿಯೂ ಮತ್ತೆ ತಂದಿದ್ದೇನೆ. ಅಂದು ಮೊದಲ ಸಲ ತಂದಾಗ, ಮರುದಿನ ಬೆಳಗ್ಗೆ, ಅಪ್ಪ ಪೇಟೆಗೆ ಹೊರಡುವ ಮುನ್ನ ಅದನ್ನು ಅವರ ಮುಂದೆ ನೆಲದ ಮೇಲೆ ಬಿಡಿಸಿ ಇಟ್ಟೆ. ಅಪ್ಪಾಸಾಹೇಬರ ಹೆಬ್ಬೆಟ್ಟನ್ನು ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ಎಮ್ಮೆ ಸಿಕ್ಕ ಪುಟವನ್ನು ತುಟಿಯಲ್ಲಾಡಿಸುತ್ತ ಓದಿದರು. ಮುಗಿಯಿತು. ಮುಂದಿನ ಹಾಳೆ ತಿರುವಲು ಅಂಚಿನ ಹತ್ತಿರ ಬಾಯಿ ತಂದರು.

“ಕೈಲೇ ತಿರುವ್ರಿ, ಅಪ್ಪಾ,” ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಬಲಗೈಯನ್ನು ಮುಂದೆ ತಂದು, ಅದರ ಎರಡೂ ಬದಿ ನೋಡಿಕೊಂಡರು. ತೊಳೆದ ಕೈಯೇ, ಆದರೆ ಮೂವತ್ತು ವರ್ಷದ ಅರಿಶಿನ ಒಂದು ತಂಬಿಗೆ ನೀರಿಗೆ ಹೋಗುವುದಲ್ಲ.

“ಹತ್ತತೈತಿ, ಮಗಳ.”

“ಹತ್ತಲಿ.”

ಅಪ್ಪ ಹೆಬ್ಬೆರಳನ್ನು ಹಾಳೆಯ ಅಂಚಿಗೆ ಒತ್ತಿ, ಒಂದೇ ಒಂದು ಹಾಳೆಯನ್ನು ಬಿಡಿಸಿ, ನಿಧಾನವಾಗಿ ಆಚೆ ತಿರುಗಿಸಿದರು. ಎರಡನೆಯ ಗುರುತು ಅದು. ಪುಸ್ತಕವನ್ನು ನಾನು ಈವರೆಗೆ ಬಿಸಿಲಿಗೆ ಇಟ್ಟಿಲ್ಲ.